ಮೊದಲು ಲಾಯ, ಆಮೇಲೆ ಜೀನು

ಶಾಲೆಗೆ ಕಳಿಸದೆ ಮನೆಯಲ್ಲೇ ಮಕ್ಕಳಿಗೆ ಕಲಿಸುತ್ತಿರುವ ಕರ್ನಾಟಕದ ತಂದೆತಾಯಂದಿರಿಗೆ,



ಈಚೆಗೆ ನಾವು ಸೇರಿದಲ್ಲೆಲ್ಲ ಕುದುರೆಯ ಮಾತು ಬರುತ್ತಿದೆ. ಯಾವ ವಯಸ್ಸಿಗೆ ಸವಾರಿ ಶುರು ಮಾಡಿಸಬಹುದು, ಯಾವ ರೈಡಿಂಗ್ ಸ್ಕೂಲು ಒಳ್ಳೆಯದು, ವಾರಕ್ಕೊಂದು ಕ್ಲಾಸು ಸಾಕೇ ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಿರುತ್ತೀರಿ. ಯಲಹಂಕ, ದೇವನಹಳ್ಳಿ, ಸರ್ಜಾಪುರದ ಕಡೆಯ ಲಾಯಗಳಲ್ಲಿ ನಮ್ಮ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಆದರೂ ಒಂದು ಮಾತನ್ನು ಎಲ್ಲರಿಗೂ ಒಟ್ಟಿಗೆ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಮಗುವನ್ನು ಕುದುರೆಯ ಬೆನ್ನ ಮೇಲೆ ಕೂರಿಸುವ ಆತುರ ಮಾಡಬೇಡಿ. ಮೊದಲು ಲಾಯಕ್ಕೆ ಕಳಿಸಿ. ಸವಾರಿಯ ಕ್ಲಾಸು ಎಂದು ಸೇರಿಸುವ ಬದಲು, ಕುದುರೆಯನ್ನೇ ಒಂದಿಡೀ ವರ್ಷದ ಪಾಠವಾಗಿ ತೆಗೆದುಕೊಳ್ಳಿ.

ನಮ್ಮ ಬಳಿ ಇರುವ ದೊಡ್ಡ ಆಸ್ತಿ ಸಮಯ. ಶಾಲೆಗೆ ಹೋಗುವ ಮಗುವಿಗೆ ಭಾನುವಾರದ ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು. ಮಗು ಬರುವ ಹೊತ್ತಿಗೆ ಜೀನು ಬಿಗಿದ ಕುದುರೆ ಸಿದ್ಧವಾಗಿ ನಿಂತಿರುತ್ತದೆ. ಕುದುರೆ ನೋಡಿಕೊಳ್ಳುವ ಸೈಸ್ ಲಗಾಮು ಹಿಡಿದಿರುತ್ತಾರೆ. ಮಗು ಹತ್ತುತ್ತದೆ, ಅಂಕಣದಲ್ಲಿ ಸುತ್ತು ಹಾಕುತ್ತದೆ, ಇಳಿದು ಕಾರು ಹತ್ತುತ್ತದೆ. ಆ ಕುದುರೆ ಬೆಳಿಗ್ಗೆ ಏನು ತಿಂದಿತು, ನಿನ್ನೆ ಎಡಗಾಲು ಯಾಕೆ ಎಳೆಯುತ್ತಿತ್ತು, ಪಕ್ಕದ ಕುದುರೆಯನ್ನು ಕಂಡರೆ ಯಾಕೆ ಕಿವಿ ಹಿಂದಕ್ಕೆ ಮಲಗಿಸುತ್ತದೆ, ಇದಾವುದೂ ಆ ಮಗುವಿಗೆ ಗೊತ್ತಾಗುವುದಿಲ್ಲ. ಗೊತ್ತು ಮಾಡಿಕೊಳ್ಳಲು ವ್ಯವಧಾನವಿಲ್ಲ. ನಮ್ಮ ಮಕ್ಕಳಿಗೆ ಆ ವ್ಯವಧಾನ ಇದೆ. ಮಂಗಳವಾರ ಬೆಳಿಗ್ಗೆ ಆರಕ್ಕೆ ಲಾಯಕ್ಕೆ ಹೋಗಿ ಹನ್ನೊಂದರವರೆಗೆ ಅಲ್ಲೇ ಇರಬಹುದು. ಹಾಗಿದ್ದೂ ನಾವು ಶಾಲೆಯವರ ಮುಕ್ಕಾಲು ಗಂಟೆಯನ್ನೇ ಕೊಂಡುಕೊಂಡರೆ, ಶಾಲೆ ಬಿಡಿಸಿ ಏನು ಮಾಡಿದ ಹಾಗಾಯಿತು?

ಲಾಯದ ಬೆಳಗು ಲದ್ದಿಯಿಂದ ಶುರುವಾಗುತ್ತದೆ. ಒಂದು ಕುದುರೆ ದಿನಕ್ಕೆ ಸುಮಾರು 15ರಿಂದ 20 ಕಿಲೋ ಲದ್ದಿ ಹಾಕುತ್ತದೆ. ಅದನ್ನು ಗೋರಿ ತೆಗೆದು ಗೊಬ್ಬರದ ಗುಂಡಿಗೆ ಹಾಕುವುದು ಮಗುವಿನ ಮೊದಲ ಕೆಲಸವಾಗಲಿ. ಮೂಗು ಮುಚ್ಚಿಕೊಳ್ಳುವ ಮಗುವಿಗೆ ಒಂದು ಪ್ರಶ್ನೆ ಕೊಡಿ: ಸಗಣಿಗೂ ಲದ್ದಿಗೂ ಏನು ವ್ಯತ್ಯಾಸ? ಎರಡನ್ನೂ ಕಡ್ಡಿಯಲ್ಲಿ ಬಿಡಿಸಿ ನೋಡಲಿ. ಲದ್ದಿಯಲ್ಲಿ ಹುಲ್ಲಿನ ನಾರು ಎಳೆಎಳೆಯಾಗಿ ಕಾಣುತ್ತದೆ, ಸಗಣಿಯಲ್ಲಿ ಅಷ್ಟಿಲ್ಲ. ಎರಡೂ ಪ್ರಾಣಿಗಳು ತಿನ್ನುವುದು ಹುಲ್ಲನ್ನೇ. ಹಸು ಮೆಲುಕು ಹಾಕುತ್ತದೆ, ಕುದುರೆ ಹಾಕುವುದಿಲ್ಲ. ಹಸುವಿನ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಮೊದಲೇ ನಡೆದುಹೋಗುವ ಹುದುಗುವಿಕೆ, ಕುದುರೆಯಲ್ಲಿ ಹಿಂಗರುಳಿನಲ್ಲಿ, ಸುಮಾರು 30 ಲೀಟರ್ ಹಿಡಿಯುವ ಸೀಕಮ್ ಎಂಬ ಚೀಲದಲ್ಲೂ ಅದರ ಮುಂದಿನ ದೊಡ್ಡ ಕರುಳಿನಲ್ಲೂ ನಡೆಯುತ್ತದೆ. ಇಷ್ಟು ದೊಡ್ಡ ಪ್ರಾಣಿಯ ಜಠರ ಹಿಡಿಯುವುದು ಎಂಟರಿಂದ ಹದಿನೈದು ಲೀಟರ್ ಮಾತ್ರ. ಹಾಗಾಗಿ ಅದು ಸ್ವಲ್ಪ ಸ್ವಲ್ಪವಾಗಿ, ಬಯಲಿಗೆ ಬಿಟ್ಟರೆ ದಿನದಲ್ಲಿ ಹದಿನಾರು ಗಂಟೆಯವರೆಗೂ, ಮೇಯುತ್ತಲೇ ಇರಬೇಕು. ಒಂದೇ ಸಲ ದೊಡ್ಡ ಬಕೆಟ್ಟಿನ ತುಂಬ ಕಾಳು ಸುರಿದರೆ ಕೆಡುಕು ಕಾದಿದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಗೆ ಹೋದದ್ದು ಮುಂದಕ್ಕೇ ಸಾಗಬೇಕು, ಸಾಗದಿದ್ದರೆ ಹೊಟ್ಟೆಶೂಲೆ. ಲಾಯದವರು ಕಾಲಿಕ್ ಎಂದು ಹೆದರುವುದು ಇದಕ್ಕೇ. ಹೊಟ್ಟೆಶೂಲೆ ಬಂದ ಕುದುರೆ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಉರುಳಾಡುತ್ತದೆ. ಈ ಲಕ್ಷಣಗಳನ್ನು ಗುರುತಿಸಲು ಕಲಿತ ಮಗು ಜೀರ್ಣಾಂಗವ್ಯೂಹದ ಪಾಠವನ್ನು ಮರೆಯುವುದು ಕಷ್ಟ. ಅಲ್ಲಿ ಒಂದು ಜೀವದ ಉಳಿವು ಅಳಿವು ಅದರ ಮೇಲೆ ನಿಂತಿರುತ್ತದೆ.

ಮೈ ಉಜ್ಜುವ ಹೊತ್ತಿನಲ್ಲಿ ಅಂಗರಚನೆಯ ಪಾಠ ತಾನಾಗಿ ನಡೆಯುತ್ತದೆ. ಕುದುರೆಯ ಮುಂಗಾಲಿನಲ್ಲಿ ಮೊಣಕಾಲು ಎಂದು ನಾವು ಕರೆಯುವುದು ವಾಸ್ತವದಲ್ಲಿ ನಮ್ಮ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿರುವ ಗಂಟು ನಮ್ಮ ಹಿಮ್ಮಡಿ. ಗೊರಸು ಎಂದರೆ ನಡುಬೆರಳ ಉಗುರು. ಅಷ್ಟು ಭಾರದ ಪ್ರಾಣಿ ಪ್ರತಿ ಕಾಲಿನಲ್ಲೂ ಒಂದೊಂದೇ ಬೆರಳ ತುದಿಯ ಮೇಲೆ ನಿಂತಿದೆ! ಮಗು ತನ್ನ ಕೈಯನ್ನು ನೆಲಕ್ಕೂರಿ, ನಡುಬೆರಳ ತುದಿ ಮಾತ್ರ ತಾಗುವಂತೆ ಎತ್ತಿ ನೋಡಿದರೆ ಸಾಕು, ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ನಾಯಿಮರಿಯಷ್ಟೇ ಇದ್ದು ಹಲವು ಬೆರಳುಗಳ ಮೇಲೆ ಓಡಾಡುತ್ತಿದ್ದ ಪ್ರಾಣಿ ಹೇಗೆ ಇಲ್ಲಿಯವರೆಗೆ ಬಂತು ಎಂಬ ಪ್ರಶ್ನೆ ಅದಕ್ಕೇ ಹುಟ್ಟುತ್ತದೆ. ಗೊರಸು ಎತ್ತಿಸಿ ಕೊಕ್ಕೆಯಿಂದ ಮಣ್ಣು ತೆಗೆಯುವಾಗ ನಡುವೆ ಮೆತ್ತಗಿನ ತ್ರಿಕೋನದ ಭಾಗ ಕಾಣುತ್ತದೆ. ಅಲ್ಲಿ ಕೊಳೆತ ವಾಸನೆ ಬಂದರೆ ಸೋಂಕು ಶುರುವಾಗಿದೆ ಎಂದು ತಿಳಿಯಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಕಟ್ಟುವವರು ಬಂದು ಬೆಳೆದ ಗೊರಸು ಕತ್ತರಿಸುತ್ತಾರೆ. ಆ ದಿನವನ್ನು ತಪ್ಪಿಸಿಕೊಳ್ಳಬೇಡಿ. ಕಾದ ಕಬ್ಬಿಣವನ್ನು ಗೊರಸಿಗೆ ತಾಗಿಸಿ ಅಳತೆ ನೋಡುವಾಗ ಹೊಗೆ ಏಳುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಕುದುರೆ ಮಾತ್ರ ಸುಮ್ಮನೆ ನಿಂತಿರುತ್ತದೆ. ಅದಕ್ಕೆ ನೋವಾಗುವುದಿಲ್ಲವೇ ಎಂದು ಮಗು ಕೇಳಿಯೇ ಕೇಳುತ್ತದೆ. ಆಗ ಮಗುವಿನ ಉಗುರನ್ನೇ ತೋರಿಸಿ.

ಗಣಿತದ ಬಗ್ಗೆ ನಿಮ್ಮಲ್ಲಿ ಹಲವರಿಗೆ ಅಳುಕಿದೆ, ಅದು ನನಗೆ ಗೊತ್ತು. ಕುದುರೆಯ ಎತ್ತರವನ್ನು ಇಂದಿಗೂ ಹ್ಯಾಂಡ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಹ್ಯಾಂಡಿಗೆ 4 ಇಂಚು. 14.2 ಎಂದು ಬರೆದರೆ 14 ಹ್ಯಾಂಡ್ ಮತ್ತು 2 ಇಂಚು, ಅಂದರೆ 58 ಇಂಚು. 15.3ಕ್ಕೆ ಇನ್ನೊಂದು ಇಂಚು ಸೇರಿದರೆ 15.4 ಆಗುವುದಿಲ್ಲ, 16 ಆಗುತ್ತದೆ. ಚುಕ್ಕೆ ಕಂಡಲ್ಲೆಲ್ಲ ದಶಮಾಂಶ ಎಂದು ನಂಬಿದ ಮಗು ಇಲ್ಲಿ ತಡೆದು ನಿಲ್ಲುತ್ತದೆ. ಹತ್ತಕ್ಕೆ ಬದಲು ನಾಲ್ಕಕ್ಕೆ ದಾಟುವ ಎಣಿಕೆಯೂ ಇರಬಹುದು ಎಂದು ಹೊಳೆದ ಗಳಿಗೆಯಲ್ಲಿ, ಸ್ಥಾನಬೆಲೆ ಎಂದರೇನು ಎಂಬುದು ಅದಕ್ಕೆ ಮೊದಲ ಸಲ ನಿಜವಾಗಿ ಅರ್ಥವಾಗುತ್ತದೆ. ತೂಕಕ್ಕೆ ಬನ್ನಿ. ಲಾಯದಲ್ಲಿ ಕುದುರೆ ತೂಗುವ ತಕ್ಕಡಿ ಇರುವುದು ಅಪರೂಪ. ಟೇಪು ಹಿಡಿದು ಎದೆಯ ಸುತ್ತಳತೆಯನ್ನೂ ಭುಜದ ಮುಂತುದಿಯಿಂದ ಪಿರ್ರೆಯ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋಗ್ರಾಂ ಲೆಕ್ಕ ಸಿಗುತ್ತದೆ. ಸುತ್ತಳತೆ 180, ಉದ್ದ 160 ಇದ್ದರೆ ಸುಮಾರು 436 ಕಿಲೋ. ಸುತ್ತಳತೆಗೇ ಯಾಕೆ ವರ್ಗ, ಉದ್ದಕ್ಕೆ ಯಾಕಿಲ್ಲ ಎಂದು ಹನ್ನೆರಡು ವರ್ಷದ ಮಗು ಕೇಳಿದರೆ ಸಿಲಿಂಡರಿನ ಗಾತ್ರದ ಪಾಠ ತಾನಾಗಿಯೇ ಬಾಗಿಲಿಗೆ ಬಂದಂತೆ. ಈ ಲೆಕ್ಕಕ್ಕೆ ಉಪಯೋಗವೂ ಇದೆ. ಮೇವು, ಜಂತುಹುಳದ ಔಷಧ, ಹೊರಬಹುದಾದ ಭಾರ, ಎಲ್ಲವೂ ತೂಕದ ಮೇಲೆಯೇ ನಿಂತಿರುತ್ತವೆ. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಹಿಡಿಯಲೂ ಕಲಿಸಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಮಗು ತನ್ನ ನಾಡಿಯನ್ನೂ ಎಣಿಸಿ ಪಕ್ಕಪಕ್ಕದಲ್ಲಿ ಬರೆದುಕೊಳ್ಳಲಿ.

ಸಂಗೀತ ಕಲಿಯುವ ಮಕ್ಕಳಿಗೆ ಒಂದು ಮಾತು. ಕುದುರೆಯ ನಡಿಗೆಯಲ್ಲಿ ನಾಲ್ಕು ಪೆಟ್ಟು, ಟ್ರಾಟ್ ಎಂಬ ಸಣ್ಣ ಓಟದಲ್ಲಿ ಎರಡು, ಅದಕ್ಕಿಂತ ವೇಗದ ಕ್ಯಾಂಟರ್‌ನಲ್ಲಿ ಮೂರು. ಕಣ್ಣು ಮುಚ್ಚಿ ಗೊರಸಿನ ಸದ್ದು ಕೇಳಿದರೆ ಚತುರಶ್ರದಿಂದ ತಿಶ್ರಕ್ಕೆ ಬದಲಾದದ್ದು ಕಿವಿಗೇ ತಿಳಿಯುತ್ತದೆ. ನಾಗಾಲೋಟದಲ್ಲಿ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಬರಿಗಣ್ಣಿಗೆ ತೀರ್ಮಾನವಾಗದ ಪ್ರಶ್ನೆಯಾಗಿತ್ತು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಚಿತ್ರ ತೆಗೆದ ಮೇಲೆ, ಬಿಡುತ್ತವೆ ಎಂದು ಖಚಿತವಾಯಿತು. ಕಾಲುಗಳು ಮುಂದಕ್ಕೂ ಹಿಂದಕ್ಕೂ ಚಾಚಿದಾಗ ಬಿಡುತ್ತವೆ ಎಂದು ಚಿತ್ರಕಾರರು ಬರೆಯುತ್ತಿದ್ದರು. ಫೋಟೋದಲ್ಲಿ ಕಂಡದ್ದು ಹೊಟ್ಟೆಯಡಿ ಒಟ್ಟುಗೂಡಿದ ಕಾಲುಗಳು. ನಿಮ್ಮ ಫೋನಿನ ನಿಧಾನಗತಿಯ ವಿಡಿಯೋದಲ್ಲಿ ಮಕ್ಕಳು ಇದನ್ನೇ ಮತ್ತೆ ಮಾಡಿ ನೋಡಬಹುದು.

ಇನ್ನೊಂದು ಕುದುರೆಯ ಕಥೆಯನ್ನು ನಾವು ದೊಡ್ಡವರು ಮೊದಲು ಓದಿಕೊಳ್ಳಬೇಕು. ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ಫಾನ್ ಆಸ್ಟೆನ್ ಎಂಬ ಶಾಲಾಮೇಷ್ಟರೊಬ್ಬರಿದ್ದರು. ತಮ್ಮ ಕುದುರೆ ಹಾನ್ಸ್‌ಗೆ ಲೆಕ್ಕ ಕಲಿಸಿದ್ದೇನೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಕೂಡಿಸುವುದು, ಭಿನ್ನರಾಶಿ, ತಾರೀಕು, ಏನು ಕೇಳಿದರೂ ಹಾನ್ಸ್ ಗೊರಸು ಕುಟ್ಟಿ ಸರಿಯುತ್ತರ ಹೇಳುತ್ತಿತ್ತು. 1904ರಲ್ಲಿ ಒಂದು ಸಮಿತಿ ಬಂದು ಪರೀಕ್ಷಿಸಿ, ಮೋಸವಿಲ್ಲ ಎಂದಿತು. ಆಮೇಲೆ ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಎರಡು ಸಣ್ಣ ಬದಲಾವಣೆ ಮಾಡಿದರು. ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದರು, ಪ್ರಶ್ನೆ ಕೇಳುವವರು ಕುದುರೆಗೆ ಕಾಣದಂತೆ ಮಾಡಿದರು. ಹಾನ್ಸ್ ತಪ್ಪಲು ಶುರುವಾಯಿತು. ಕುದುರೆ ಕುಟ್ಟುತ್ತ ಸರಿಯುತ್ತರ ಮುಟ್ಟಿದ ಕ್ಷಣ ಕೇಳಿದವರ ತಲೆ ತಮಗೇ ಅರಿವಿಲ್ಲದೆ ತುಸು ಮೇಲಕ್ಕೇಳುತ್ತಿತ್ತು. ಹಾನ್ಸ್ ಓದುತ್ತಿದ್ದುದು ಆ ತಲೆಯನ್ನು. 1907ರಲ್ಲಿ ಫುಂಗ್ಸ್ಟ್ ಇದನ್ನು ಪ್ರಕಟಿಸಿದರು.

ಯಾಕೆ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ ಎಂದರೆ, ಮನೆಪಾಠದ ಅತಿದೊಡ್ಡ ಅಪಾಯ ಇದೇ. ನಮ್ಮ ಮಕ್ಕಳು ದಿನವಿಡೀ ನಮ್ಮ ಮುಖ ನೋಡುತ್ತಿರುತ್ತಾರೆ. ಅಮ್ಮನ ಹುಬ್ಬು ಏರಿದರೆ ಉತ್ತರ ಬದಲಿಸುತ್ತಾರೆ, ಅಪ್ಪ ಸಣ್ಣಗೆ ನಕ್ಕರೆ ಅಲ್ಲೇ ನಿಲ್ಲಿಸುತ್ತಾರೆ. ಮಗು ಭಿನ್ನರಾಶಿ ಕಲಿತಿತೋ, ನಮ್ಮ ಮುಖವನ್ನು ಕಲಿತಿತೋ ಎಂದು ಹೇಳಲು ನಮ್ಮಿಂದ ಆಗುವುದಿಲ್ಲ. ಲಾಯದ ಕುದುರೆಯ ಮುಂದೆ ಈ ಆಟ ನಡೆಯುವುದಿಲ್ಲ. ಗೊರಸು ಎತ್ತಿಸುವ ಕ್ರಮ ಸರಿಯಿದ್ದರೆ ಅದು ಕಾಲು ಕೊಡುತ್ತದೆ, ತಪ್ಪಿದ್ದರೆ ಕೊಡುವುದಿಲ್ಲ. ಹೆದರಿಕೆ ಮುಚ್ಚಿಟ್ಟುಕೊಂಡು ಧೈರ್ಯ ನಟಿಸಿದ ಮಗುವಿನ ಬಿಗಿದ ಭುಜ, ಹಿಡಿದ ಉಸಿರು ಅದಕ್ಕೆ ಗೊತ್ತಾಗುತ್ತದೆ. ಮೆಚ್ಚಿಸುವುದಕ್ಕಾಗಿ ಆಡಿದ ಮಾತಿಗೆ ಅದು ಬೆಲೆ ಕೊಡುವುದಿಲ್ಲ. ತಂದೆತಾಯಿಯೇ ಗುರುಗಳಾದ ಮನೆಯಲ್ಲಿ ಬೆಳೆಯುವ ಮಗುವಿಗೆ ನಮಗೆ ಸಂಬಂಧವೇ ಇಲ್ಲದ, ನಮ್ಮ ಪ್ರೀತಿಯೂ ಕೋಪವೂ ತಾಗದ ಇಂಥ ಒಂದು ಒರೆಗಲ್ಲು ಬೇಕು. ಕುದುರೆಯನ್ನು ನಮ್ಮ ಪಾಠಕ್ಕೆ ತರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದು.

ಚರಿತ್ರೆಗೆ ನಮ್ಮ ನಾಡಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಹಂಪಿಗೆ ಹೋದಾಗ ಹಜಾರರಾಮ ದೇವಸ್ಥಾನದ ಹೊರಗೋಡೆಯ ಮುಂದೆ ಮಕ್ಕಳನ್ನು ಒಂದು ಗಂಟೆ ಕೂರಿಸಿ. ಸಾಲುಸಾಲು ಕುದುರೆಗಳು, ಅವುಗಳ ಲಗಾಮು ಹಿಡಿದವರು. ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಉದ್ದನೆಯ ಅಂಗಿ ತೊಟ್ಟ ಪರದೇಶದ ವ್ಯಾಪಾರಿಗಳಿದ್ದಾರೆ. ಅರಬ್ಬೀ ಸಮುದ್ರದಾಚೆಯ ಕುದುರೆಗಳು ಹಡಗಿನಲ್ಲಿ ಭಟ್ಕಳಕ್ಕೂ ಗೋವೆಗೂ ಬಂದಿಳಿದು ಘಟ್ಟ ಹತ್ತುತ್ತಿದ್ದವು. ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ 1530ರ ದಶಕದಲ್ಲಿ ವಿಜಯನಗರದಲ್ಲಿದ್ದು ಬರೆದಿಟ್ಟ ಪ್ರಕಾರ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು. ಈ ಅಂಕಿಯನ್ನು ಎಷ್ಟು ನಂಬಬಹುದು, ವ್ಯಾಪಾರಿಯ ಲೆಕ್ಕಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಚರ್ಚೆಯನ್ನೇ ಒಂದು ಪಾಠ ಮಾಡಿ. ಅಷ್ಟು ಕುದುರೆ ಹೊರಗಿನಿಂದ ಯಾಕೆ ತರಬೇಕಿತ್ತು, ಇಲ್ಲೇ ಯಾಕೆ ಬೆಳೆಸಲಾಗಲಿಲ್ಲ ಎಂದು ಕೇಳಿದರೆ ಮಳೆ, ಹುಲ್ಲು, ರೋಗ, ಬಂದರು, ತೆರಿಗೆ, ಯುದ್ಧ ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಅದಕ್ಕೂ ಹಿಂದೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಮೇಲೆ ಕೂತು ಚೆಂಡಾಡುವ ವಿನೋದಕ್ಕೆ ಒಂದು ಅಧ್ಯಾಯವೇ ಇದೆ. ಕನ್ನಡದಲ್ಲಿ ಅಭಿನವಚಂದ್ರ ‘ಅಶ್ವವೈದ್ಯ’ ಬರೆದ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಕಥೆ ಸಾಗುವುದೇ ಅಶ್ವಮೇಧದ ಕುದುರೆಯ ಹಿಂದೆ. ಕುಣಿಗಲ್ಲಿನ ಕುದುರೆ ಫಾರಂ ಮೈಸೂರಿನ ಸುಲ್ತಾನರ ಕಾಲದ ಅಶ್ವದಳದಿಂದ ಬಂದದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ದಾಳಿಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಮೆಷಿನ್‌ಗನ್ನುಗಳೆದುರು ಭರ್ಜಿ ಹಿಡಿದ ಸವಾರರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ದಿನವೂ ಅದರ ಮುಂದೆ ಹಾದುಹೋಗುವ ನಮ್ಮ ಮಕ್ಕಳಿಗೆ ಅದು ಏನೆಂದು ಗೊತ್ತಿರಲಿ. ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತಿಗೆ ಕರೆದುಕೊಂಡು ಹೋದರೆ ಅಶ್ವಾರೋಹಿ ಪೊಲೀಸರನ್ನು ಕಣ್ಣಾರೆ ನೋಡುತ್ತಾರೆ. ನಮ್ಮ ಅಡುಗೆಮನೆಯ ಹುರುಳಿಯೂ ಈ ಚರಿತ್ರೆಯ ಒಂದು ತುಣುಕೇ. ಬೇಯಿಸಿದ ಹುರುಳಿ ತಿಂದೇ ಈ ನಾಡಿನ ಕುದುರೆಗಳು ದಂಡಿನ ಜೊತೆ ನಡೆದವು.

ವಿಜ್ಞಾನದಲ್ಲಿ ಒಂದು ವಿಷಯವನ್ನು ದಯವಿಟ್ಟು ಬಿಡಬೇಡಿ. ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು ನಮ್ಮ ದೇಶದಲ್ಲಿ ತಯಾರಾಗುವುದು ಕುದುರೆಯ ರಕ್ತದಿಂದ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕುದುರೆಗೆ ಮತ್ತೆಮತ್ತೆ ಕೊಟ್ಟು, ಅದರ ಮೈಯಲ್ಲಿ ಪ್ರತಿಕಾಯ ಬೆಳೆದ ಮೇಲೆ ರಕ್ತ ತೆಗೆದು ಪ್ಲಾಸ್ಮಾ ಬೇರ್ಪಡಿಸುತ್ತಾರೆ. ವಿಷವನ್ನು ಹೆಚ್ಚಾಗಿ ಒದಗಿಸುವುದು ಚೆನ್ನೈ ಬಳಿ 1978ರಲ್ಲಿ ಶುರುವಾದ ಇರುಳರ ಸಹಕಾರ ಸಂಘ. ನಮ್ಮ ಹಳ್ಳಿಗಳ ಎಷ್ಟೋ ರೈತರು ಬದುಕಿ ಮನೆಗೆ ಬಂದಿರುವುದು ಯಾವುದೋ ಕುದುರೆಯ ದೆಸೆಯಿಂದ. ಆ ಕುದುರೆಗೆ ಇದರಿಂದ ಆಗುವ ಹಿಂಸೆಯ ಪ್ರಶ್ನೆಯೂ ಇದೆ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ಪಠ್ಯಪುಸ್ತಕದಲ್ಲಿ ರೋಗನಿರೋಧಕ ಶಕ್ತಿ ಎಂದು ಓದುವುದಕ್ಕೂ, ಬೆಳಿಗ್ಗೆ ತಾನೇ ಮೈ ಉಜ್ಜಿದ ಪ್ರಾಣಿಯ ರಕ್ತದಲ್ಲಿ ಇದು ನಡೆಯುತ್ತದೆ ಎಂದು ತಿಳಿಯುವುದಕ್ಕೂ ಬಹಳ ಅಂತರವಿದೆ.

ಈಗ ಸವಾರಿ. ಲಾಯದಲ್ಲಿ ತಿಂಗಳುಗಳು ಕಳೆದ ಮೇಲೆ, ಮಗು ತಾನೇ ಕುದುರೆಯನ್ನು ಹೊರಗೆ ತಂದು, ತಾನೇ ಜೀನು ಹಾಕಿ, ಪಟ್ಟಿ ಬಿಗಿದು, ಅದು ಹೊಟ್ಟೆ ಉಬ್ಬಿಸಿದ್ದನ್ನು ಗುರುತಿಸಿ ಮತ್ತೊಮ್ಮೆ ಬಿಗಿಯುವಷ್ಟು ಕಲಿತ ಮೇಲೆ ಹತ್ತಲಿ. ಶುರುವಿಗೆ ತರಬೇತುದಾರರು ಉದ್ದ ಹಗ್ಗದಲ್ಲಿ ಸುತ್ತ ನಡೆಸುವಾಗ, ಲಗಾಮು ಕೈಗೆ ಕೊಡದೆ ಬರೀ ಕೂರಲು ಕಲಿಸಿದರೆ ಒಳ್ಳೆಯದು. ಲಗಾಮನ್ನು ಆಸರೆಗೆ ಎಳೆಯುವ ಅಭ್ಯಾಸವಾದರೆ ಕಷ್ಟಪಡುವುದು ಕುದುರೆಯ ಬಾಯಿ. ಸವಾರಿಯ ಹೆಲ್ಮೆಟ್ಟೇ ಇರಬೇಕು, ಸೈಕಲ್ಲಿನದು ಆಗುವುದಿಲ್ಲ. ಹಿಮ್ಮಡಿ ಇರುವ ಮುಚ್ಚಿದ ಬೂಟು ಬೇಕು, ಇಲ್ಲದಿದ್ದರೆ ಬಿದ್ದಾಗ ಕಾಲು ರಿಕಾಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಕುದುರೆಗೆ ತನ್ನ ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲ ದಿಕ್ಕೂ ಕಾಣುತ್ತದೆ, ನೇರ ಬಾಲದ ಹಿಂದೆ ಮತ್ತು ಮೂಗಿನ ಕೆಳಗೆ ಕಾಣುವುದಿಲ್ಲ. ಅದಕ್ಕೇ ಭುಜದ ಕಡೆಯಿಂದ, ಮಾತಾಡುತ್ತ ಹತ್ತಿರ ಹೋಗಬೇಕು. ಅದು ಕೆಂಪು ಹಸಿರುಗಳನ್ನು ನಮ್ಮಂತೆ ಬೇರ್ಪಡಿಸುವುದಿಲ್ಲ. ಎಕ್ಸಿಟರ್ ವಿಶ್ವವಿದ್ಯಾಲಯದವರ ಅಧ್ಯಯನದ ಮೇಲೆ ಬ್ರಿಟನ್ನಿನ ರೇಸ್ ಮೈದಾನಗಳಲ್ಲಿ ಜಿಗಿಯುವ ತಡೆಗಳ ಕಿತ್ತಳೆ ಪಟ್ಟಿಯನ್ನು ಬಿಳಿಗೆ ಬದಲಿಸಿದರು. ಲಾಯಕ್ಕೆ ಹೋಗುವ ಮೊದಲು ಟೆಟನಸ್ ಚುಚ್ಚುಮದ್ದು ಸರಿಯಾಗಿ ಆಗಿದೆಯೇ ನೋಡಿಕೊಳ್ಳಿ. ಲದ್ದಿ ಬಿದ್ದ ಮಣ್ಣಿನಲ್ಲಿ ಆ ರೋಗಾಣು ಇರುತ್ತದೆ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ವಿಷಯ. ಒಲಿಂಪಿಕ್ಸಿನ ಕುದುರೆ ಸವಾರಿಯಲ್ಲಿ ಗಂಡಸರು ಹೆಂಗಸರು ಒಂದೇ ಕಣದಲ್ಲಿ ಸಮಸಮವಾಗಿ ಸ್ಪರ್ಧಿಸುತ್ತಾರೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ಸಲ ಡ್ರೆಸಾಜ್ ಎಂಬ ಸವಾರಿಯ ಸ್ಪರ್ಧೆಗೆ ಮಹಿಳೆಯರನ್ನು ಬಿಟ್ಟಾಗ, ಪೋಲಿಯೋದಿಂದ ಮೊಣಕಾಲ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. ನಮ್ಮ ಬೆಂಗಳೂರಿನಲ್ಲೇ ಬೆಳೆದ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದರು, ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವರಾದರು. ಅವರ ತಂದೆ ಕುದುರೆಗಳ ವೈದ್ಯರು, ಮನೆಯಲ್ಲೇ ಕುದುರೆಯ ಬದುಕು ಇತ್ತು. ಇದನ್ನೆಲ್ಲ ಮಕ್ಕಳಿಗೆ ಹೇಳಿ. ಆದರೆ ಪದಕದ ಆಸೆ ಇಟ್ಟುಕೊಂಡು ಲಾಯಕ್ಕೆ ಬರಬೇಡಿ. ಔಷಧದ ಆಸೆಯನ್ನೂ ತರಬೇಡಿ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರುವ ಮಕ್ಕಳಿಗೆ ಫಿಸಿಯೋಥೆರಪಿಸ್ಟ್‌ಗಳು ಕುದುರೆಯ ನಡಿಗೆಯನ್ನು ಚಿಕಿತ್ಸೆಯಾಗಿ ಬಳಸುತ್ತಾರೆ, ಆ ನಡಿಗೆಯಲ್ಲಿ ಸವಾರನ ಸೊಂಟ ಅಲುಗುವ ರೀತಿ ಮನುಷ್ಯ ನಡೆಯುವಾಗಿನಂತೆಯೇ ಇರುವುದರಿಂದ. ಅದು ತಜ್ಞರ ಕೆಲಸ. ಚಂಚಲ ಮಗುವನ್ನು ಕುದುರೆ ಮೇಲೆ ಕೂರಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ, ಅವರ ಓದು ತರಬೇತಿ ಏನೆಂದು ಮೊದಲು ವಿಚಾರಿಸಿ.

ಈ ಇಡೀ ವ್ಯವಹಾರದಲ್ಲಿ ಕುದುರೆಗೆ ಏನು ಸಿಗುತ್ತದೆ? ಅದು ನಮ್ಮ ಪಾಠೋಪಕರಣವಾಗಲು ಹುಟ್ಟಿದ ಪ್ರಾಣಿಯಲ್ಲ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮೇಲೆ ಹೇಳಿದ ಲೆಕ್ಕದಲ್ಲಿ 436 ಕಿಲೋ ಕುದುರೆಗೆ ಸುಮಾರು 87 ಕಿಲೋ. ಹತ್ತುವ ಮೊದಲು ಈ ಲೆಕ್ಕವನ್ನು ಮಗುವೇ ಮಾಡಲಿ, ಅಪ್ಪನಿಗೂ ಮಾಡಿ ಹೇಳಲಿ. ಪೌರನೀತಿಯ ಪಾಠಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿ 1965ರಲ್ಲಿ ಬಂದ ನಿಯಮಗಳನ್ನು ಓದಿಸಿ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, 37 ಡಿಗ್ರಿ ಮೀರಿದ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು ಎಂದು ಅದರಲ್ಲಿದೆ. ಆಮೇಲೆ ಮೈಸೂರಿನ ಟಾಂಗಾ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಪ್ರವಾಸದ ಜಾಗಗಳಲ್ಲಿ ಮಕ್ಕಳನ್ನು ಹೊತ್ತು ತಿರುಗುವ ತಟ್ಟು ಇವುಗಳನ್ನು ನೋಡಲಿ. ಪಕ್ಕೆಲುಬು ಎಣಿಸುವಂತಿದೆಯೇ, ಜೀನಿನಡಿ ಹುಣ್ಣಿದೆಯೇ, ಗೊರಸು ಒಡೆದಿದೆಯೇ? ಆ ಕುದುರೆಯನ್ನೇ ನಂಬಿಕೊಂಡು ಬದುಕುವ ಬಡ ಮನುಷ್ಯನ ಜೊತೆ ಗೌರವದಿಂದ ಮಾತಾಡುವುದನ್ನೂ ಅಷ್ಟೇ ಮುಖ್ಯವಾಗಿ ಕಲಿಸಿ.

ಹಾಗೆಯೇ ಸೈಸ್‌ಗಳ ವಿಚಾರ. ಲಾಯದಲ್ಲಿ ಕುದುರೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರು. ಕುದುರೆ ಒಂದು ತುತ್ತು ಕಡಿಮೆ ತಿಂದರೂ ಮೊದಲು ಗಮನಿಸುವುದು ಅವರೇ. ನಮ್ಮ ಮಕ್ಕಳು ಅವರನ್ನು ಹೆಸರು ಹಿಡಿದು ಕೂಗುವುದನ್ನು, ಕುದುರೆ ಹಿಡಿದುಕೋ ಎಂದು ಏಕವಚನದಲ್ಲಿ ಹೇಳುವುದನ್ನು ನಾನು ಕೇಳಿದ್ದೇನೆ. ಮಕ್ಕಳಿಗೆ ಇದು ಬಂದದ್ದು ನಮ್ಮಿಂದಲೇ. ಅಣ್ಣ, ಮಾವ, ಚಾಚಾ, ಅವರ ಭಾಷೆಗೆ ಯಾವುದು ಒಪ್ಪುತ್ತದೋ ಹಾಗೆ ಕರೆಯಲಿ. ಗುರುಪೂರ್ಣಿಮೆಗೆ ತರಬೇತುದಾರರಿಗೆ ಹಣ್ಣು ಕೊಡುವ ಮಗು ಸೈಸ್‌ಗೂ ಕೊಡಲಿ. ನಾವು ಲಾಯಕ್ಕೆ ಕಟ್ಟುವ ದುಡ್ಡಿನಲ್ಲಿ ಅವರಿಗೆ ಎಷ್ಟು ಸೇರುತ್ತದೆ ಎಂದು ಕೇಳುವ ಹಕ್ಕು ನಮಗಿದೆ.

ದುಡ್ಡಿನ ಮಾತು ಬಂತು. ಸವಾರಿ ಅಗ್ಗವಲ್ಲ, ನಮ್ಮಲ್ಲಿ ಹಲವರಿಗೆ ಅದು ಕೈಗೆಟುಕುವುದಿಲ್ಲ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ಶುಲ್ಕದ ಪಟ್ಟಿ ನೋಡಿದವರು ತಿರುಗಿಸಿ ಹೇಳಬೇಕಾದೀತು. ಆದರೆ ನಾನು ಕೇಳುತ್ತಿರುವ ಲಾಯದ ಬೆಳಗಿಗೆ ಜೀನು ಬೇಡ, ಅಂಕಣ ಬೇಡ, ಪಳಗಿದ ವಯಸ್ಸಾದ ಒಂದು ಕುದುರೆ ಮತ್ತು ಮನಸ್ಸಿರುವ ಒಬ್ಬ ದೊಡ್ಡವರು ಸಾಕು. ವಾರದ ದಿನಗಳ ಬೆಳಿಗ್ಗೆ ಸವಾರಿ ಶಾಲೆಗಳಿಗೆ ಗಿರಾಕಿಗಳು ಕಡಿಮೆ. ನಾಲ್ಕೈದು ಮನೆಯವರು ಕೂಡಿ ಹೋಗಿ, ಸವಾರಿ ಬೇಡ, ಮಕ್ಕಳು ಕೆಲಸ ಮಾಡುತ್ತಾರೆ, ಕಲಿಸಿ, ಅದಕ್ಕೆ ನ್ಯಾಯವಾದ ದುಡ್ಡು ತೆಗೆದುಕೊಳ್ಳಿ ಎಂದು ಕೇಳೋಣ. ಸವಾರಿಯ ಕಾಲ ಮುಗಿದ ಮುದಿ ಕುದುರೆಗಳಿಗೂ ಇದರಿಂದ ಲಾಯದಲ್ಲಿ ಒಂದು ಕಾರಣ ಸಿಕ್ಕಂತಾಗುತ್ತದೆ. ರೇಸಿನಿಂದ ಬಿಟ್ಟ ಎಳೆಯ ಕುದುರೆಯನ್ನು ಅಗ್ಗಕ್ಕೆ ಸಿಗುತ್ತದೆ ಎಂದು ಮಕ್ಕಳಿಗೆ ತರುವ ಯೋಚನೆ ಮಾತ್ರ ಬೇಡ. ಅವು ಓಡಲೆಂದೇ ಬೆಳೆದವು, ಅನುಭವಿಗಳ ಕೈಯಲ್ಲಿ ಬಹಳ ಕಾಲ ಮತ್ತೆ ಕಲಿಯಬೇಕಾದವು.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ನೀವು ಎಲ್ಲಿದ್ದರೂ ನಿಮ್ಮ ಊರಿನ ಹತ್ತಿರ ಯಾವ ಲಾಯವಿದೆ, ವಾರದ ಯಾವ ಬೆಳಿಗ್ಗೆ ನಿಮ್ಮ ಮಕ್ಕಳು ಬರಬಲ್ಲರು, ನಿಮ್ಮಲ್ಲಿ ಪಶುವೈದ್ಯರು, ಫಿಸಿಯೋಥೆರಪಿಸ್ಟ್‌ಗಳು, ಸೇನೆಯ ಅಥವಾ ಪೊಲೀಸಿನ ಅಶ್ವದಳದಲ್ಲಿ ಇದ್ದು ನಿವೃತ್ತರಾದವರು ಯಾರಿದ್ದಾರೆ ಎಂದು ಮುಂದಿನ ಸಲ ಸೇರುವಾಗ ಪಟ್ಟಿ ಮಾಡಿಕೊಂಡು ಬನ್ನಿ. ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ ಶುರು ಮಾಡಬಹುದು. ಎನ್‌ಐಒಎಸ್ ಮುಕ್ತಶಾಲೆಯ ಪರೀಕ್ಷೆಗೆ ಕೂರುವ ದೊಡ್ಡ ಮಕ್ಕಳೂ ಬರಲಿ, ಚಿಕ್ಕವರಿಗೆ ಟೇಪು ಹಿಡಿಯಲು ಅವರು ಬೇಕು.

ನಿಮ್ಮಲ್ಲೊಬ್ಬಳಾದ,
ಒಬ್ಬ ತಾಯಿ
ಬೆಂಗಳೂರು